ಒಂದೇ ಚಪ್ಪಲಿಯಲ್ಲಿ ಮುಂಬೈ

ಹೆಂಡತಿಯ ಕಾಕಾನ ಮಗನ ಮದುವೆ ಡೊಂಬಿವಲಿಯಲ್ಲಿ ಭಾನುವಾರ ಮುಗಿಯಿತು. ಹುಬ್ಬಳ್ಳಿಗೆ ವಾಪಸ್ ಬಸ್ಸು ಸೋಮವಾರ ರಾತ್ರಿ ಎಂಟೂವರೆಗೆ, ಸಯಾನ್‌ನಿಂದ. ನಡುವೆ ಒಂದು ಹಗಲು ಖಾಲಿ. ಐವತ್ತೆರಡನೇ ವಯಸ್ಸಿಗೆ ಮೊದಲ ಸಲ ಮುಂಬೈ ಕಾಣುತ್ತಿರುವವನು ಆ ಹಗಲನ್ನು ಸುಮ್ಮನೆ ಬಿಟ್ಟಾನೆಯೇ? ಎರಡು ವಾರ ಮೊದಲೇ ಕೂತು ಪಟ್ಟಿ ಮಾಡಿದ್ದೆ. ಹದಿಮೂರು ಜಾಗ. ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಸವೆದ ಕೈ ನನ್ನದು; ಹಾಳೆಗೆ ಸ್ಕೇಲಿಟ್ಟು ಗೆರೆ ಎಳೆದು ಅನುಕ್ರಮ ಸಂಖ್ಯೆ, ಸ್ಥಳ, ತಲುಪುವ ವೇಳೆ, ಬಿಡುವ ವೇಳೆ, ಷರಾ ಎಂದು ಕಾಲಂ ಹಾಕಿದ್ದೆ. ಷರಾದಲ್ಲಿ ಏನು ಬರೆಯಬೇಕೆಂದು ನನಗೂ ಗೊತ್ತಿರಲಿಲ್ಲ. ಆದರೆ ಷರಾ ಇಲ್ಲದ ತಖ್ತೆಗೆ ಸಹಿ ಮಾಡಿ ಅಭ್ಯಾಸವಿಲ್ಲ.

ಕಾಕಾ ಮೂವತ್ತೆಂಟು ವರ್ಷ ಡೊಂಬಿವಲಿಯಿಂದ ಲೋಕಲ್‌ನಲ್ಲಿ ಕೆಲಸಕ್ಕೆ ಹೋಗಿಬಂದವರು. ಕನ್ನಡಕ ಏರಿಸಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು.

"ಅಳ್ಯಾರ, ಉಸುರು ತಗೊಳ್ಳಾಕ ಟೈಮ್ ಯಾವ ಕಾಲಂದಾಗ ಬರದೀರಿ?"

ಮನೆಯವರೆಲ್ಲ ನಕ್ಕರು. ನಾನು ನಗಲಿಲ್ಲ.

"ಹತ್ತರ ಮ್ಯಾಲೆ ಹೋಗ್ರಿ. ಈಗ ಗರ್ದಿ ಭಾಳ ಇರ್ತೈತಿ" ಎಂದರು. ಆದರೆ ಪಟ್ಟಿಯ ಪ್ರಕಾರ ನಾವು 9.45ಕ್ಕೆ ಜನ ಇನ್ನೂ ಹಳೆಯ ಹೆಸರಿನಲ್ಲಿ ವಿಟಿ ಎನ್ನುವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನ ಎದುರು ನಿಂತು ಗೋಪುರ ನೋಡುತ್ತಿರಬೇಕಿತ್ತು. ಹೊರಟೆವು. ಬ್ಯಾಗುಗಳನ್ನು ಸಂಜೆ ಸಯಾನ್‌ಗೆ ತಂದುಕೊಡುವ ಹೊಣೆ ಕಾಕಾನ ಹಿರಿಮಗನದು.

ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಬೆಳಗಿನ ಎಂಟೂವರೆಗೆ ಗಾಡಿ ಹತ್ತುವುದು ಎಂಬ ಕ್ರಿಯೆ ಇರುವುದಿಲ್ಲ. ಗಾಡಿ ಬರುತ್ತದೆ, ಹಿಂದಿನವರು ಮುಂದೆ ಬರುತ್ತಾರೆ, ಕಣ್ಣು ಬಿಟ್ಟರೆ ನಾವು ಒಳಗಿರುತ್ತೇವೆ. ಹೆಂಡತಿ ಹೆಂಗಸರ ಡಬ್ಬಿಗೆ ಹೋದಳು. ನನ್ನ ಡಬ್ಬಿಯಲ್ಲಿ ನನ್ನ ಬಲಗೈ ನನ್ನ ತಲೆಯ ಮೇಲಿತ್ತು; ಅದನ್ನು ಅಲ್ಲಿ ಇಟ್ಟವನು ನಾನಲ್ಲ. ಮೂಗಿನ ಮುಂದೆ ಒಬ್ಬರ ಬೆನ್ನು. ಅವರ ಅಂಗಿಯ ಕಾಲರಿನ ಒಳಗಿನ ದರ್ಜಿಯ ಚೀಟಿಯನ್ನು ಇಪ್ಪತ್ತು ನಿಮಿಷ ಓದಿದೆ. ಪಟ್ಟಿಯಲ್ಲಿಲ್ಲದ ಹದಿನಾಲ್ಕನೇ ಪ್ರೇಕ್ಷಣೀಯ ಸ್ಥಳ.

ಹೀಗಿರುವಾಗ ಪಕ್ಕದವರು ನನ್ನ ಭುಜ ತಟ್ಟಿ "ಠಾಣಾ?" ಎಂದರು. ಪಾಪ, ಊರಿಗೆ ಹೊಸಬರಿರಬೇಕು, ಗಾಡಿ ಠಾಣೆಗೆ ಹೋಗುತ್ತದೆಯೇ ಎಂದು ಕೇಳುತ್ತಿದ್ದಾರೆ ಅಂದುಕೊಂಡು ವಿಶ್ವಾಸದಿಂದ "ಹಾಂ, ಠಾಣಾ!" ಎಂದೆ. ಅಷ್ಟೇ. ಮುಂಬೈ ಲೋಕಲ್‌ನಲ್ಲಿ ಆ ಪ್ರಶ್ನೆಗೆ 'ನೀನು ಠಾಣೆಯಲ್ಲಿ ಇಳಿಯುವವನೋ' ಎಂದು ಅರ್ಥ. ಹೌದೆಂದವನನ್ನು ಸುತ್ತಲಿನವರೆಲ್ಲ ಸೇರಿ ಪ್ರೀತಿಯಿಂದ ಬಾಗಿಲಿಗೆ ಸಾಗಿಸುತ್ತಾರೆ. ಠಾಣೆ ಬಂತು, ನಾನೂ ಇಳಿದೆ. ಇಳಿದೆ ಅಂದರೆ ತಪ್ಪು, ಹೊರಬಿದ್ದೆ. "ನಹೀ ನಹೀ, ವಿಟಿ, ವಿಟಿ!" ಎಂದು ಕೂಗುತ್ತ, ಏರುವವರ ಅಲೆಯ ಜೊತೆ ಮತ್ತೆ ಒಳಗೆ ಸೇರಿಕೊಂಡೆ. ಗಾಡಿ ಬಿಟ್ಟ ಮೇಲೆ ಬಲಗಾಲಿಗೆ ತಣ್ಣಗೆ ಅನಿಸಿತು. ಬಗ್ಗಿ ನೋಡುವಷ್ಟು ಜಾಗವಿರಲಿಲ್ಲವಾದ್ದರಿಂದ ಬೆರಳಾಡಿಸಿ ಖಾತ್ರಿ ಮಾಡಿಕೊಂಡೆ. ಬಲಗಾಲಿನ ಚಪ್ಪಲಿ ಠಾಣೆಯಲ್ಲೇ ಇಳಿದುಕೊಂಡಿತ್ತು.

ಟರ್ಮಿನಸ್‌ನಲ್ಲಿ ಹೆಂಡತಿ ಸೀರೆಯ ನೆರಿಗೆ ಸಹ ಮುರಿಯದೆ ಇಳಿದಳು. ಮೂರು ಜನ ಕೂರುವ ಸೀಟಿನಲ್ಲಿ ನಾಲ್ಕನೆಯವಳಾಗಿ ತುದಿಗೆ ಕೂರಿಸಿಕೊಂಡರಂತೆ. ಕೂರಿಸಿಕೊಂಡವರು ವಿಜಯಪುರದವರಂತೆ. ಡಬ್ಬಿಯೊಳಗೇ ಮಾರುತ್ತ ಬಂದವಳಿಂದ ಇಪ್ಪತ್ತು ರೂಪಾಯಿಗೆ ಆರು ಹೇರ್‌ಕ್ಲಿಪ್ಪು ತಗೊಂಡಿದ್ದಳು. ನನ್ನ ಕಾಲು ನೋಡಿ, "ಇದೇನ್ರೀ, ಹರಕಿ ಹೊತ್ತೀರೇನು?" ಎಂದಳು.

ಉಳಿದ ಒಂದನ್ನು ಎಸೆಯಲು ಮನಸ್ಸು ಬರಲಿಲ್ಲ. ಎಂಟುನೂರು ಕೊಟ್ಟು ತಂದದ್ದು, ಮದುವೆಗೆಂದೇ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.

1878ರಲ್ಲಿ ಶುರು ಮಾಡಿ ಹತ್ತು ವರ್ಷ ಹಿಡಿದು ಕಟ್ಟಿದ ನಿಲ್ದಾಣ ಅದು. 2004ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ನನ್ನ ಪಟ್ಟಿಯಲ್ಲಿ ಅದಕ್ಕೆ ಹತ್ತು ನಿಮಿಷ ಇತ್ತು, ವರ್ಷಕ್ಕೊಂದು ನಿಮಿಷದಂತೆ. ಆ ಹತ್ತು ನಿಮಿಷವೂ ಎದುರಿನ ಸಬ್‌ವೇ ಅಂಗಡಿಯಲ್ಲಿ ಚಪ್ಪಲಿ ಚೌಕಾಸಿಗೆ ಹೋಯಿತು. ನಾನೂರು ಅಂದವನನ್ನು ಹೆಂಡತಿ ನೂರಾ ಎಂಬತ್ತಕ್ಕೆ ಇಳಿಸಿದಳು, ಅದೂ ಹುಬ್ಬಳ್ಳಿ ಹಿಂದಿಯಲ್ಲಿ. ಸ್ಟೀವನ್ಸ್ ಸಾಹೇಬರು ಎಂಥ ಗೋಪುರ ಕಟ್ಟಿದ್ದಾರೆಂದು ನಾನು ಬರಿಗಾಲಲ್ಲಿ ಮೆಟ್ಟಿಲ ಸಂದಿನಿಂದ ಇಣುಕಿ ನೋಡಿದೆ. ಗಡಿಯಾರ ಕಂಡಿತು. ಪಟ್ಟಿಗಿಂತ ಮೂವತ್ತೈದು ನಿಮಿಷ ಹಿಂದೆ ಇದ್ದೆವು.

ಗೇಟ್‌ವೇ ಆಫ್ ಇಂಡಿಯಾದ ಆವರಣದೊಳಗೆ ಹೋಗುವಾಗ ಬ್ಯಾಗು ತಪಾಸಣೆ. ಪೊಲೀಸಪ್ಪ ಪ್ಲಾಸ್ಟಿಕ್ ಚೀಲ ಬಿಚ್ಚಿದ. ಒಂದು ಎಡಗಾಲಿನ ಚಪ್ಪಲಿ. ಅದನ್ನೇ ನೋಡಿದ, ನನ್ನ ಕಾಲಲ್ಲಿದ್ದ ಜೋಡಿಯನ್ನು ನೋಡಿದ.

"ದೂಸ್ರಾ ಕಹಾಂ ಹೈ?"

"ಠಾಣೆ ಮೇಂ ಹೈ ಸಾಬ್" ಎಂದೆ, ಸತ್ಯವನ್ನೇ ಹೇಳುವ ಧೈರ್ಯದಿಂದ.

ಅವನ ಮುಖ ಗಂಭೀರವಾಯಿತು. "ಕೌನ್ಸಾ ಠಾಣಾ?"

ಊರಿನ ಹೆಸರನ್ನೇ ಪೊಲೀಸ್ ಸ್ಟೇಷನ್ ಎಂದಿಟ್ಟುಕೊಂಡರೆ ಹೀಗೇ ಆಗುವುದು. ಹೆಂಡತಿ ನಡುವೆ ಬಂದು, ಗಾಡಿ, ಗರ್ದಿ, ನನ್ನ ಬುದ್ಧಿಮಟ್ಟ ಎಲ್ಲವನ್ನೂ ಕೈಸನ್ನೆಯಲ್ಲೇ ವಿವರಿಸಿದಳು. ಅವನು ನಕ್ಕು ಒಳಗೆ ಬಿಟ್ಟ. ಅಷ್ಟು ನಗುವ ಅಗತ್ಯವಿರಲಿಲ್ಲ.

ಈ ಕಮಾನಿನ ಕಥೆ ನನಗೆ ಸಮಾಧಾನ ಕೊಟ್ಟಿತು. ಐದನೇ ಜಾರ್ಜ್ ದೊರೆ ರಾಣಿಯ ಸಮೇತ ಇಲ್ಲಿ ಬಂದಿಳಿದದ್ದು 1911ರಲ್ಲಿ. ಅದರ ನೆನಪಿಗೆ ಕಟ್ಟಿದ ಕಮಾನು ಮುಗಿದದ್ದು 1924ರಲ್ಲಿ. ಹದಿಮೂರು ವರ್ಷ ತಡ! ದೊರೆಯ ಕೆಲಸವೇ ವೇಳಾಪಟ್ಟಿಯಂತೆ ನಡೆದಿಲ್ಲ ಅಂದಮೇಲೆ ನನ್ನ ಮೂವತ್ತೈದು ನಿಮಿಷ ಯಾವ ಲೆಕ್ಕ? ಪಾಪ, ಜಾರ್ಜ್ ದೊರೆಯೂ ಅವಸರದ ಪ್ರವಾಸಿಗನೇ. ಪುರಸೊತ್ತಾಗಿ ಹದಿಮೂರು ವರ್ಷ ಉಳಿದಿದ್ದರೆ ಕಮಾನು ನೋಡಿಕೊಂಡೇ ಹೋಗಬಹುದಿತ್ತು.

ಪಟ್ಟಿಯ ಕ್ರಮ ಸಂಖ್ಯೆ ಮೂರು: ಘಾರಾಪುರಿ, ಅಂದರೆ ಎಲಿಫೆಂಟಾ ಗುಹೆಗಳು. ದೋಣಿಯಲ್ಲಿ ಹೋಗಲು ಒಂದು ತಾಸು, ಬರಲು ಒಂದು ತಾಸು, ನಡುವೆ ಸುಮಾರು ಇಪ್ಪತ್ತಡಿ ಎತ್ತರದ ತ್ರಿಮುಖ ಶಿವ. ಇಡೀ ದಿನದ ಮುಕುಟಮಣಿ ಅದೇ. ಅದಕ್ಕಾಗಿ ನಾಲ್ಕು ತಾಸು ಹತ್ತು ನಿಮಿಷ ಎತ್ತಿಟ್ಟಿದ್ದೆ, ಹತ್ತು ನಿಮಿಷ ಭಕ್ತಿಗೆ. ಟಿಕೆಟ್ ಕೇಳಿದೆ.

"ಆಜ್ ಸೋಮ್‌ವಾರ್ ಹೈ. ಬಂದ್."

ಹದಿಮೂರು ಜಾಗದ ನಿಮಿಷ ನಿಮಿಷ ಬರೆದವನು ವಾರ ಯಾವುದೆಂದು ನೋಡಿರಲಿಲ್ಲ. ಗುಹೆಗಳಿಗೆ ಸೋಮವಾರ ರಜೆ. ಶಿವನ ವಾರವೇ ಶಿವನಿಗೆ ರಜೆ! ಕಾಕಾನಿಗೂ ಇದು ಗೊತ್ತಿರಲಿಲ್ಲ. ಮೂವತ್ತೆಂಟು ವರ್ಷ ಮುಂಬೈಯಲ್ಲಿದ್ದೂ ಅವರು ಘಾರಾಪುರಿ ನೋಡಿಲ್ಲ. ನಮ್ಮ ಬಾದಾಮಿಯ ಇಮ್ಮಡಿ ಪುಲಿಕೇಶಿ ನೂರಾರು ಹಡಗು ತಂದು ಪಡುಗಡಲ ಸಿರಿಯಂತಿದ್ದ ಪುರಿಯನ್ನು ಮುತ್ತಿದ ಎಂದು ಐಹೊಳೆಯ ಶಾಸನ ಹೇಳುತ್ತದೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರ ಮಾತು. ಇದ್ದರೂ ಇರಬಹುದು. ಸೋಮವಾರ ಮಾತ್ರ ಬಂದಿರಲಿಕ್ಕಿಲ್ಲ.

"ಅದs ನೀರು, ಅದs ದೋಣಿ. ಅರ್ಧ ತಾಸು ಸುತ್ತಿಸಿ ತರ್ತಾರಂತ, ಬರ್ರಿ" ಎಂದಳು ಹೆಂಡತಿ. ಪಟ್ಟಿಯಲ್ಲಿ ಇಲ್ಲ ಎಂದೆ. ಅವಳು ಆಗಲೇ ದೋಣಿಯಲ್ಲಿದ್ದಳು. ದಡದಿಂದ ದೂರ ಸರಿದಂತೆ ಕಮಾನು ಸಣ್ಣದಾಯಿತು, ತಾಜ್ ಹೋಟೆಲಿನ ಗುಮ್ಮಟ ಸಣ್ಣದಾಯಿತು. ಅವಳು ಮಗಳಿಗೆ ವಿಡಿಯೊ ಕಾಲ್ ಮಾಡಿ ಸಮುದ್ರ ತೋರಿಸಿದಳು, ಆಮೇಲೆ ನನ್ನ ಕಾಲು ತೋರಿಸಿದಳು. ನೂರಾ ಎಂಬತ್ತರ ಚಪ್ಪಲಿಯ ಪಟ್ಟಿ ಬಲಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸಿತ್ತು, ನಾಲ್ಕಾಣೆಯಷ್ಟು ದೊಡ್ಡದು.

ಊಟಕ್ಕೆ ಮಾಟುಂಗಾ ಎಂದು ಮೊದಲೇ ನಿಶ್ಚಯವಾಗಿತ್ತು. ಉಡುಪಿ ಹೋಟೆಲುಗಳ ಊರು, ಬಾಳೆಲೆ ಸಿಗುತ್ತದೆ, ಕನ್ನಡ ಸಿಗುತ್ತದೆ. ಕುಂಟುತ್ತ ಟರ್ಮಿನಸ್‌ಗೆ ಬಂದು ಎದುರಿಗೆ ನಿಂತಿದ್ದ ಗಾಡಿ ಹತ್ತಿದೆವು. ಮಧ್ಯಾಹ್ನ, ಖಾಲಿ ಡಬ್ಬಿ, ಕಿಟಕಿ ಪಕ್ಕ ಸೀಟು. ದಾದರ್ ಆದ ಮೇಲೆ ಎದ್ದು ಬಾಗಿಲಿಗೆ ಹೋಗಿ ಜಾಣನಂತೆ ನಿಂತೆ. ಗಾಡಿ ವೇಗ ಹಿಡಿಯಿತು.

"ರೀ, ಹಳದಿ ಬೋರ್ಡು ಹೋತ ನೋಡ್ರಿ. ಅದs ಏನ್ರೀ ನಿಮ್ಮ ಮಾಟುಂಗಾ?"

ಫಾಸ್ಟ್ ಲೋಕಲ್. ಮಾಟುಂಗಾಕ್ಕೆ ಸ್ಲೋ ಹಿಡಿಯಬೇಕು. ಸಯಾನ್ ಕೂಡ ಹಾಗೇ ಹಾದುಹೋಯಿತು, ರಾತ್ರಿ ಬಸ್ ಹತ್ತಬೇಕಾದ ಊರು. ಅದಕ್ಕೂ ಕಿಟಕಿಯಿಂದಲೇ ಕೈಬೀಸಿದಂತಾಯಿತು. ಕುರ್ಲಾದಲ್ಲಿ ಇಳಿದು, ಸೇತುವೆ ಹತ್ತಿ ಇಳಿದು, ಸ್ಲೋ ಹಿಡಿದು ಮಾಟುಂಗಾ ಮುಟ್ಟಿದಾಗ ಎರಡೂ ಮುಕ್ಕಾಲು.

"ಊಟ ಮುಗೀತಲ್ಲ ಮಾರಾಯ್ರೆ" ಎಂದರು ಗಲ್ಲೆಯ ಮೇಲಿದ್ದವರು. ಕನ್ನಡ ಕೇಳಿ ನನಗೆ ಕಣ್ಣೀರು ಬರುವುದೊಂದು ಬಾಕಿ. ಕುಂದಾಪುರದ ಕಡೆಯವರು. ನನ್ನ ಮುಖ ನೋಡಿ ಒಳಗೆ ಹೋಗಿ ಬಂದು, "ಕೂತ್ಕಣಿ. ಅನ್ನ, ಸಾರು, ಒಂದ್ ಪಲ್ಯ ಇತ್ತ್. ಆಗತ್ತಾ?" ಎಂದರು. ಆಗದೆ ಏನು! ಎಲೆಯ ತುದಿಗೆ ಉಪ್ಪಿನಕಾಯಿ ಬಿತ್ತು, ಮೇಲೆ ಬಿಸಿ ಸಾರು ಹರಿಯಿತು, ಅನ್ನದ ಗುಡ್ಡೆ ಒಡೆದು ಸಾರು ಹೆಂಡತಿಯ ಕಡೆ ಓಡಿತು. ಆಮೇಲೆ ಎರಡು ಲೋಟ ಕಾಫಿ. ನಡುವೆ ಹುಬ್ಬಳ್ಳಿಯ ಮಳೆ, ಕುಂದಾಪುರದ ಮಳೆ, ಅವರ ಮಗನ ಕೆಲಸ, ನಮ್ಮ ಮಗಳ ಸಂಬಂಧ. ಗಡಿಯಾರದಲ್ಲಿ ನಾಲ್ಕು ಹತ್ತು. ಪಟ್ಟಿಯ ಪ್ರಕಾರ ನಾನು ಆಗ ಹಾಜಿ ಅಲಿ ಮುಗಿಸಿ ಟ್ಯಾಕ್ಸಿಯಲ್ಲಿರಬೇಕು.

ಏಳಲು ಹೋಗಿ "ಅಬ್ಬಾ" ಎಂದು ಕೂತೆ. ಬೊಬ್ಬೆ ಒಡೆದಿತ್ತು.

"ಕಾಗದ ಮಡಚಿ ಇಟ್ಕಣಿ, ಕಚ್ಚುದಿಲ್ಲ" ಎಂದರು ಗಲ್ಲೆಯವರು.

ಹೆಂಡತಿ ಅತ್ತಿತ್ತ ನೋಡಲಿಲ್ಲ. ನನ್ನ ಅಂಗಿಯ ಜೇಬಿಗೆ ಕೈ ಹಾಕಿದಳು. ಸ್ಕೇಲಿಟ್ಟು ಗೆರೆ ಎಳೆದ, ಷರಾ ಕಾಲಂ ಇನ್ನೂ ಖಾಲಿಯಿದ್ದ ಹಾಳೆಯನ್ನು ಎರಡು ಮಡಿಕೆ, ನಾಲ್ಕು ಮಡಿಕೆ, ಎಂಟು ಮಡಿಕೆ ಮಾಡಿ ಚಪ್ಪಲಿಯ ಪಟ್ಟಿಗೂ ಹಿಮ್ಮಡಿಗೂ ನಡುವೆ ತೂರಿಸಿದಳು. ಸರಿಯಾಗಿ ಕೂತಿತು. ದಪ್ಪ ಹಾಳೆ, ಆಫೀಸಿನದು.

ಅಲ್ಲಿಂದ ಮುಂದೆ ಕಾಲು ನೋಯಲಿಲ್ಲ. ಮಾಟುಂಗಾದ ಬೀದಿಯಲ್ಲಿ ಸಂಜೆ ಆರರವರೆಗೆ ಸುಮ್ಮನೆ ಅಡ್ಡಾಡಿದೆವು. ಹೂವಿನವರು ಮಲ್ಲಿಗೆ ಕಟ್ಟುವುದನ್ನು ನಿಂತು ನೋಡಿದೆವು. ಹೆಂಡತಿ ಒಂದು ಮಾಲೆ ಮುಡಿದಳು, ಆರು ಕ್ಲಿಪ್ಪಿನಲ್ಲಿ ಒಂದು ಉಪಯೋಗಕ್ಕೆ ಬಂತು. ಅಲ್ಲೇ ಬೀಸಿಕೊಡುವ ಕಾಫಿಪುಡಿ ಕಾಲು ಕೆಜಿ ತಗೊಂಡೆವು. ಆಮೇಲೆ ಒಂದೇ ಸ್ಟೇಷನ್, ಸಯಾನ್. ಸ್ಲೋ ಗಾಡಿಯೇ ಎಂದು ಮೂವರನ್ನು ಕೇಳಿ ಹತ್ತಿದೆ. ನಾಲ್ಕನೆಯವನೊಬ್ಬ ತಾನೇ "ಸಯಾನ್?" ಎಂದ. ಈ ಸಲ ಧೈರ್ಯವಾಗಿ ಹೌದೆಂದೆ.

ಮೊನ್ನೆ ನಮ್ಮ ಆಫೀಸಿನ ಒಬ್ಬರು ಕೆಲಸದ ಮೇಲೆ ಮುಂಬೈಗೆ ಹೊರಟಿದ್ದರು. ಅವರಿಗೂ ಒಂದೇ ದಿನ ಪುರಸೊತ್ತು. "ಸರ್, ನೀವು ಭಾರೀ ಲಿಸ್ಟ್ ಮಾಡಿದ್ರಂತಲ್ಲ, ಸ್ವಲ್ಪ ಕೊಡ್ರಿ, ಝೆರಾಕ್ಸ್ ಮಾಡಿಸಿ ವಾಪಸ್ ಕೊಡ್ತೀನಿ" ಎಂದರು.

"ಚಪ್ಪಲ್ಯಾಗ ಐತಿ" ಎಂದೆ.