ಪರ-ವಿರೋಧ: ಸಮಾಜಸೇವೆ ಮಾಡುವ ವಿದ್ಯಾರ್ಥಿಗೆ ತಿಂಗಳ ದುಡ್ಡು ಕೊಡಬೇಕಾ?

ಪರ
ಪದವಿ ಕಾಲೇಜಿನ ಅರ್ಥಶಾಸ್ತ್ರ ಉಪನ್ಯಾಸಕಿ, ವಿದ್ಯಾರ್ಥಿ ಸೇವಾ ಫೆಲೋಶಿಪ್ ಸಂಯೋಜಕಿ

ಎರಡು ವರ್ಷದ ಹಿಂದೆ ನಮ್ಮ ಕಾಲೇಜಿನ ಒಬ್ಬ ಹುಡುಗನ ಹೆಸರಿನ ಮುಂದೆ ನಾನು ಸಾಲಾಗಿ ಐದು ಗೈರುಹಾಜರಿ ಹಾಕಿದ್ದೆ. ಬಿ.ಎ. ಎರಡನೇ ವರ್ಷದವನು. ವಾರಕ್ಕೆ ಎರಡು ಸಂಜೆ 11 ಕಿಲೋಮೀಟರ್ ದೂರದ ಹಳ್ಳಿ ಶಾಲೆಗೆ ಹೋಗಿ ಮಕ್ಕಳಿಗೆ ಓದು, ಲೆಕ್ಕ ಹೇಳಿಕೊಡಲು ತಾನೇ ಮುಂದೆ ಬಂದಿದ್ದ. ಮಕ್ಕಳಿಗೆ ಅವನೆಂದರೆ ಪ್ರಾಣ. ಅಂಥವನು ಇದ್ದಕ್ಕಿದ್ದಂತೆ ಹೋಗುವುದನ್ನು ನಿಲ್ಲಿಸಿದ. ಫೋನ್ ಮಾಡಿದರೆ ಎತ್ತಲಿಲ್ಲ. ನನಗೆ ಸಿಟ್ಟು ಬಂತು. ಎದುರಿಗೆ ಸಿಕ್ಕರೆ ಬೈಯಬೇಕು ಅಂತಲೇ ಇದ್ದೆ.

ಸಿಕ್ಕಿದ್ದು ಒಂದು ಆರತಕ್ಷತೆಯಲ್ಲಿ. ನಾನು ಎಲೆಯ ಮುಂದೆ ಕೂತಿದ್ದೆ. ಅವನು ಅಡುಗೆ ಕಂಟ್ರಾಕ್ಟರ್ ಕೊಟ್ಟ ಮೆರೂನ್ ಟೀ ಶರ್ಟ್ ಹಾಕಿಕೊಂಡು ಕೋಸಂಬರಿ ಬಡಿಸುತ್ತ ಬಂದ. ನನ್ನ ಎಲೆಯ ಹತ್ತಿರ ಅವನ ಕೈ ಒಂದು ಕ್ಷಣ ನಿಂತಿತು. ತಲೆ ಎತ್ತದೆ ಬಡಿಸಿ ಪಕ್ಕದ ಎಲೆಗೆ ಹೋದ. ಊಟ ಮುಗಿದ ಮೇಲೆ ಕೈ ತೊಳೆಯುವ ಕಡೆ ಮಾತಾಡಿಸಿದೆ. "ಇಲ್ಲಿ ಒಂದು ಹೊತ್ತಿಗೆ 500 ಕೊಡ್ತಾರೆ ಮೇಡಂ. ಶಾಲೆಗೆ ಹೋದ್ರೆ ಬಸ್ಸಿಗೆ ನಾನೇ 40 ಹಾಕ್ಬೇಕು" ಅಂದ.

ಬೈಯಲು ನನಗೆ ಬಾಯಿ ಬರಲಿಲ್ಲ.

ಈ 40 ರೂಪಾಯಿ ಲೆಕ್ಕ ಸ್ವಲ್ಪ ನೋಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ನಮ್ಮ ಹುಡುಗಿಯರು ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲದೆ ಓಡಾಡುತ್ತಾರೆ. ಹುಡುಗರ ಸ್ಟೂಡೆಂಟ್ ಪಾಸ್ ನಡೆಯುವುದು ಮನೆಯಿಂದ ಕಾಲೇಜಿಗೆ ಮಾತ್ರ. ಸೇವೆಗೆ ಅಂತ ಬೇರೆ ರೂಟಿನ ಬಸ್ ಹತ್ತಿದರೆ ಟಿಕೆಟ್ ತಗೊಳ್ಳಲೇಬೇಕು. ವಾರಕ್ಕೆ 80, ತಿಂಗಳಿಗೆ 300ರ ಮೇಲೆ. ಮನೆಯಲ್ಲಿ ಅಮ್ಮ ಸಂಘದ ಸಾಲದ ಕಂತು ಕಟ್ಟುವ ಹುಡುಗನಿಗೆ ಇದು ಸಣ್ಣ ದುಡ್ಡಲ್ಲ. ಅದಕ್ಕಿಂತ ದೊಡ್ಡದು ಆ ಎರಡು ಸಂಜೆಯ ಕೂಲಿ.

ದುಡ್ಡಿಲ್ಲದ ಸೇವೆ ಉಳ್ಳವರ ಮಕ್ಕಳ ಪಾಲಾಗುತ್ತದೆ. ನಾನು ಹೇಳಬೇಕಾಗಿರುವುದು ಇದೊಂದೇ. ನಮ್ಮಲ್ಲಿ ಹಾಗೇ ಆಗಿತ್ತು. ಸ್ವಂತ ಬೈಕ್ ಇದ್ದವರು ಉಳಿದರು, ಮಿಕ್ಕವರು ಕಳಚಿಕೊಂಡರು. ಹಳ್ಳಿ ಶಾಲೆಯ ಕಷ್ಟ ಗೊತ್ತಿದ್ದವರು ಕಳಚಿಕೊಂಡವರೇ. ಅವರೂ ಅಂಥ ಶಾಲೆಯಲ್ಲೇ ಓದಿ ಬಂದವರು.

ಹಳೆಯ ವಿದ್ಯಾರ್ಥಿಗಳನ್ನು ಕೇಳಿಕೊಂಡೆ. 12 ಜನಕ್ಕೆ ತಿಂಗಳಿಗೆ 1,500ರಂತೆ ಎಂಟು ತಿಂಗಳು, ಒಟ್ಟು 1,44,000 ರೂಪಾಯಿ ಕೂಡಿತು. ವಾರಕ್ಕೆ ಆರು ಗಂಟೆ ಕೆಲಸ. ಒಂದು ಊರಿಗೆ ಇಬ್ಬರು, ಒಬ್ಬರನ್ನೇ ಎಲ್ಲಿಗೂ ಕಳಿಸುವುದಿಲ್ಲ. ಹಾಜರಿ ಪುಸ್ತಕ ಶಾಲೆಯಲ್ಲೇ ಇರುತ್ತದೆ, ಮುಖ್ಯ ಶಿಕ್ಷಕರು ಸಹಿ ಹಾಕುತ್ತಾರೆ. ಕೆಲಸ ಶುರು ಮಾಡುವ ಮುಂಚೆ ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರ ಜೊತೆ ಕೂತು, ಯಾವ ಮಕ್ಕಳು, ಯಾವ ದಿನ, ಯಾವ ಹೊತ್ತು ಅಂತ ಮಾತಾಡುತ್ತೇವೆ. ಸಂಯೋಜಕರ ಕೆಲಸ ಅಂದರೆ ಮುಖ್ಯವಾಗಿ ಇದೇ. ಫೋನ್ ಮಾಡುವುದು, ಕಾಯುವುದು, ಮತ್ತೆ ಫೋನ್ ಮಾಡುವುದು.

ಮೊದಲ ವರ್ಷ ಒಂದು ದೊಡ್ಡ ತಪ್ಪಾಯಿತು. ಮೂರನೇ ತಿಂಗಳ ಹಣ ಒಂದು ಸಹಿಗಾಗಿ 40 ದಿನ ನಿಂತಿತು. ಇಬ್ಬರು ಬಿಟ್ಟು ಹೋದರು. ದುಡ್ಡು ಕೊಡುತ್ತೇವೆ ಅಂತ ಹೇಳಿ ಕೊಡದಿರುವುದು ಮೊದಲೇ ಕೊಡುವುದಿಲ್ಲ ಅನ್ನುವುದಕ್ಕಿಂತ ಕೆಟ್ಟದ್ದು. ಈಗ ಇಡೀ ವರ್ಷದ ಹಣ ಬ್ಯಾಂಕಿಗೆ ಬೀಳದೆ ನಾನು ಅರ್ಜಿಯನ್ನೇ ಕರೆಯುವುದಿಲ್ಲ. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಅವರವರ ಖಾತೆಗೆ ಹೋಗಿಬಿಡುತ್ತದೆ.

ಬಿಡದೆ ಹೋಗುವುದರಿಂದ ಏನಾಗುತ್ತದೆ ಅನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. ನಮ್ಮ ಒಬ್ಬ ಹುಡುಗಿ ಹೋಗುತ್ತಿದ್ದ ಊರಲ್ಲಿ ಹೂವಿನ ಬೇಸಾಯ ಜಾಸ್ತಿ. ಐದನೇ ಕ್ಲಾಸಿನ ಮೂರು ಹೆಣ್ಣುಮಕ್ಕಳು ಸಂಜೆ ಪಾಠಕ್ಕೆ ಬರುತ್ತಲೇ ಇರಲಿಲ್ಲ. ಓದಿನಲ್ಲಿ ಆಸಕ್ತಿ ಇಲ್ಲ ಅಂತ ಎಲ್ಲರೂ ಹೇಳಿದರು. ಇವಳು ನಾಲ್ಕನೇ ವಾರ ಮನೆಗೇ ಹೋದಳು. ಮಕ್ಕಳು ಜಗಲಿಯ ಮೇಲೆ ಅಮ್ಮನ ಜೊತೆ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ರಾತ್ರಿ ಬಸ್ಸಿಗೆ ಹೂವು ಹೋಗಬೇಕು. ಮಾರಿನ ಲೆಕ್ಕದಲ್ಲಿ ಕೂಲಿ. ಇವಳೂ ಅಲ್ಲೇ ಕೂತಳು. ನಾಲ್ಕು ಮೊಳಕ್ಕೆ ಒಂದು ಮಾರು, ಏಳು ಮಾರಿಗೆ ಎಷ್ಟು ಮೊಳ ಅಂತ ಕೇಳಿದಳು. ಒಬ್ಬಳು ಮೊಣಕೈಯಿಂದ ಬೆರಳ ತುದಿಯವರೆಗೆ ದಂಡೆ ಹಿಡಿದು ಹಿಡಿದು ಎಣಿಸಿ 28 ಅಂದಳು. ನಾಲ್ಕರ ಮಗ್ಗಿ ಅವತ್ತು ಆ ಜಗಲಿಯ ಮೇಲೇ ಮುಗಿಯಿತು. ಅಕ್ಟೋಬರ್ ಎರಡರಂದು ಪೊರಕೆ ಹಿಡಿದು ಫೋಟೊ ತೆಗೆಸಿಕೊಂಡು ಬರುವವರಿಗೆ ಆ ಜಗಲಿ ಕಾಣುವುದಿಲ್ಲ.

ದುಡ್ಡು ಕೊಟ್ಟರೆ ಸೇವಾಭಾವ ಹೋಗುತ್ತದೆ ಅನ್ನುತ್ತಾರೆ. ಹಾಗೆ ಹೇಳುವವರಿಗೆಲ್ಲ ತಿಂಗಳಾದರೆ ಸಂಬಳ ಅಥವಾ ಪಿಂಚಣಿ ಬರುತ್ತದೆ. ನನಗೂ ಬರುತ್ತದೆ. ಅದರಿಂದ ನನ್ನ ಪಾಠದ ಪ್ರೀತಿ ಕಡಿಮೆಯಾಗಿಲ್ಲ. 19 ವರ್ಷದ ಬಡ ಹುಡುಗನ ವಿಷಯಕ್ಕೆ ಬಂದಾಗ ಮಾತ್ರ ಯಾಕೆ ಈ ಅನುಮಾನ? ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ಸರ್ಕಾರವೇ ಕೊಡುತ್ತದೆ. ಅದು ಸರಿಯಾಗಿಯೇ ಇದೆ. ಹಾಗಿದ್ದರೆ ಓದುವಾಗಲೇ ಊರಿನ ಕೆಲಸ ಮಾಡುವವನಿಗೆ 1,500 ಕೊಡುವುದು ಹೇಗೆ ತಪ್ಪಾಗುತ್ತದೆ? ಅಮೆರಿಕದ ಕೆಂಟಕಿಯ ಬೆರಿಯಾ ಕಾಲೇಜಿನಲ್ಲಿ 1990ರಲ್ಲಿ ಶುರುವಾದ ಬಾನರ್ ಸ್ಕಾಲರ್ಸ್ ಯೋಜನೆ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಹಣ ಕೊಟ್ಟು ವಾರವಾರವೂ ಸೇವೆಗೆ ಕಳಿಸುತ್ತದೆ. ಈಗ ಅದು ಅಲ್ಲಿನ ಹತ್ತಾರು ಕಾಲೇಜುಗಳಲ್ಲಿದೆ.

ಈ ಸಲ ನಮ್ಮ 12 ಜಾಗಕ್ಕೆ 41 ಅರ್ಜಿ ಬಂದಿವೆ. "ಈಗ ಯಾವುದಾದರೂ ಕೆಲಸಕ್ಕೆ ಹೋಗುತ್ತೀರಾ?" ಅಂತ ಒಂದು ಕಾಲಂ ಇಟ್ಟಿದ್ದೆ. ಪೆಟ್ರೋಲ್ ಬಂಕ್, ಮೊಬೈಲ್ ಅಂಗಡಿ, ಹಾಲಿನ ಡೇರಿ, ಅಡಿಕೆ ಸುಲಿಯುವುದು, ಬಡಿಸುವುದು. ಖಾಲಿ ಬಿಟ್ಟವರು ಆರು ಜನ.

ವಿರೋಧ
ನಿವೃತ್ತ ಉಪನ್ಯಾಸಕ, ಒಂಬತ್ತು ವರ್ಷ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಕಾರ್ಯಕ್ರಮಾಧಿಕಾರಿಯಾಗಿದ್ದವರು

ವಿರೋಧದ ಪಾಲು ನನಗೆ ಬಂದಿದೆ. ಬಡ ಮಕ್ಕಳ ಕೈಗೆ ದುಡ್ಡು ಸೇರುವುದಕ್ಕೆ ನನ್ನ ತಕರಾರಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ವಿದ್ಯಾರ್ಥಿವೇತನ ಅಂತ ಕೊಡಲಿ, ಜಾಸ್ತಿಯೇ ಕೊಡಲಿ. ಅದನ್ನು ಸೇವೆಯ ಗಂಟೆಗೆ ಕಟ್ಟುವುದು ಬೇಡ.

ಎನ್‌ಎಸ್‌ಎಸ್ ಶುರುವಾಗಿದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯ ಜನ್ಮಶತಮಾನದ ವರ್ಷದಲ್ಲಿ. ಆಗ 37 ವಿಶ್ವವಿದ್ಯಾಲಯ, 40,000 ವಿದ್ಯಾರ್ಥಿಗಳು. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಏಳು ದಿನದ ಶಿಬಿರ. "ನನಗಲ್ಲ, ನಿನಗೆ" ಅನ್ನುವುದು ಧ್ಯೇಯವಾಕ್ಯ. ಅದು ಸುಮ್ನೆ ಬ್ಯಾಡ್ಜಿನ ಮೇಲೆ ಬರೆದ ಮಾತಲ್ಲ.

ಒಂದು ಘಟಕದಲ್ಲಿ ಸಾಮಾನ್ಯವಾಗಿ 100 ಜನ. ಅದರಲ್ಲಿ 12 ಜನಕ್ಕೆ ದುಡ್ಡು ಕೊಟ್ಟರೆ ಮಿಕ್ಕ 88 ಜನ ಏನು ಅಂದುಕೊಳ್ಳುತ್ತಾರೆ? ಹೊಸ ಹುಡುಗರು ಮೊದಲು ಕೇಳುವ ಪ್ರಶ್ನೆಯೇ ಬೇರೆಯಾಗುತ್ತದೆ. ದಾನಿ ಒಂದು ವರ್ಷ ಕೈ ಎತ್ತಿದರೆ ಆ ಊರಿನ ಪಾಠ ಅಲ್ಲಿಗೇ ನಿಲ್ಲುತ್ತದೆ. ಸಂಯೋಜಕರು ಊರು ಸುತ್ತುವುದು ಬಿಟ್ಟು ವೋಚರ್ ಬರೆಯುತ್ತ ಕೂರುತ್ತಾರೆ.

ನಾನು ಕಣ್ಣಾರೆ ಕಂಡದ್ದನ್ನು ಹೇಳುವುದೇ ಒಳ್ಳೆಯದು. ಒಂದು ವರ್ಷ 50 ಮಕ್ಕಳನ್ನು ಕರೆದುಕೊಂಡು ಒಂದು ಸಣ್ಣ ಊರಿಗೆ ಶಿಬಿರಕ್ಕೆ ಹೋಗಿದ್ದೆ. ಕೆರೆಗೆ ನೀರು ಬರುವ ಕಾಲುವೆಯಲ್ಲಿ ಹೂಳು ತುಂಬಿ, ಜಾಲಿ ಬೆಳೆದು ಕಾಲುವೆ ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಮೊದಲ ದಿನ ಮಕ್ಕಳು ಅಗೆಯುತ್ತಿದ್ದರೆ ಊರಿನವರು ಅರಳಿಕಟ್ಟೆಯ ಮೇಲೆ ಕೂತು ನೋಡಿದರು. ಎರಡನೇ ದಿನವೂ ಹಾಗೇ. ಸಂಜೆ ಒಬ್ಬ ಯಜಮಾನರು ಹತ್ತಿರ ಬಂದು ಕೇಳಿದರು. "ದಿನಕ್ಕೆ ಎಷ್ಟು ಕೊಡ್ತಾರ್ರಪ್ಪಾ ನಿಮ್ಗೆ? ನರೇಗಾ ಕೂಲಿನಾ?"

ಒಬ್ಬ ಹುಡುಗ ಮಣ್ಣಿನ ಕೈಯಲ್ಲೇ ಬೆವರು ಒರೆಸಿಕೊಂಡು "ಏನೂ ಕೊಡಲ್ಲ ತಾತ, ಊಟ ಅಷ್ಟೇ" ಅಂದ. ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅವರು ಆ ಕೈ ಹಿಡಿದು ನೋಡಿದರು. ಏನೂ ಮಾತಾಡದೆ ಹೋದರು.

ಮಾರನೇ ದಿನ ಬೆಳಗ್ಗೆ ಆರೂವರೆಗೆ ಅವರು ಸ್ವಂತ ಗುದ್ದಲಿ ಹಿಡಿದು ಕಾಲುವೆಯ ಹತ್ತಿರ ನಿಂತಿದ್ದರು. ಜೊತೆಗೆ ಇಬ್ಬರು ಮಕ್ಕಳು, ಒಬ್ಬ ಸೊಸೆ, ಮೂರು ಮಂಕರಿ. ಐದನೇ ದಿನದ ಹೊತ್ತಿಗೆ ಊರಿನ ಮೂವತ್ತು ಜನ ಬಂದಿದ್ದರು. ಯಾರೋ ಟ್ರ್ಯಾಕ್ಟರ್ ತಂದರು, ಡೀಸೆಲ್ ಖರ್ಚು ಕೇಳಲಿಲ್ಲ. ನಮ್ಮ ಹುಡುಗ "ದಿನಕ್ಕೆ ಇಷ್ಟು ಕೊಡ್ತಾರೆ" ಅಂದಿದ್ದರೆ ಆ ಯಜಮಾನರು ಅರಳಿಕಟ್ಟೆಗೆ ವಾಪಸ್ ಹೋಗುತ್ತಿದ್ದರು. ಕೂಲಿ ತಗೊಂಡವರ ಕೆಲಸ ಅವರು ಮಾಡಿಕೊಳ್ಳಲಿ ಅನ್ನಿಸುತ್ತಿತ್ತು. ಇದನ್ನು ನಾನು ಖಚಿತವಾಗಿ ನಂಬುತ್ತೇನೆ.

ಬಸ್ ಚಾರ್ಜ್ ಮಕ್ಕಳ ಮೇಲೆ ಬೀಳಬಾರದು, ನಿಜ. ಅದನ್ನು ಕಾಲೇಜೇ ಕೊಡಬೇಕು. ಹೊಟ್ಟೆ ತುಂಬ ಊಟವನ್ನೂ ಕೊಡಬೇಕು. ಕೂಲಿ ಬಿಟ್ಟು ಬರಲಾಗದ ಹುಡುಗನಿಗೆ ಇಷ್ಟರಿಂದ ಆಗುತ್ತದೆಯೇ ಅಂತ ಕೇಳಿದರೆ, ಅವನಿಗೆ ಭಾನುವಾರದ ಕೆಲಸ ಹಂಚಬಹುದು.

ಆ ಊರಿಗೆ ಜುಲೈನಲ್ಲಿ ಮಳೆ ಬಿತ್ತು. ಯಜಮಾನರು ಕಾಲೇಜಿನ ಆಫೀಸಿಗೆ ಫೋನ್ ಮಾಡಿ ನನ್ನನ್ನು ಕರೆಸಿದರು. "ಕಾಲುವೇಲಿ ನೀರು ಬಂತು ಸಾರ್, ಹುಡುಗ್ರಿಗೆ ಹೇಳಿ" ಅಂದರು. ನಾನು ಕ್ಲಾಸಿನಿಂದ ಕ್ಲಾಸಿಗೆ ಹೋಗಿ ಹೇಳಿ ಬಂದೆ.