17 ಚಿತ್ರಕಾರರು, 8 ನಗರ

1958–59ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 17 ಕಲಾವಿದರ ಚಿತ್ರಗಳನ್ನು ಯುರೋಪಿನ 8 ನಗರಗಳಲ್ಲಿ ತೋರಿಸಿತು. ಬಹುತೇಕ ಎಲ್ಲವೂ ಅಮೂರ್ತ ಚಿತ್ರಗಳು. ಪ್ರದರ್ಶನದ ಹೆಸರು ‘ದಿ ನ್ಯೂ ಅಮೆರಿಕನ್ ಪೇಂಟಿಂಗ್’. ಅದನ್ನು ಕಲೆ ಎಂದೇ ನೋಡಬೇಕಾ, ಸೋವಿಯತ್ ಒಕ್ಕೂಟದ ವಿರುದ್ಧದ ಶೀತಲ ಸಮರದಲ್ಲಿ ಅಮೆರಿಕ ಮಾಡಿದ ಪ್ರಚಾರ ಎಂದಾ?

ಪರ: ಮೊದಲು ಚಿತ್ರದ ಮುಂದೆ ನಿಲ್ಲಿ

ಆ 17 ಜನರಲ್ಲಿ ಒಬ್ಬರಾದ ಫ್ರಾಂಜ್ ಕ್ಲೈನ್ ಚಿತ್ರ ದೂರದಿಂದ ಬಿಳಿ ಹಾಳೆ ಮೇಲೆ ಕಪ್ಪು ಗೀಟು ಎಳೆದಂತೆ ಕಾಣುತ್ತದೆ. ಹತ್ತಿರ ಹೋದರೆ ಬಿಳಿಯೂ ಬಣ್ಣವೇ. ಗೋಡೆಗೆ ಬಳಿಯುವಂಥ ಅಗಲ ಬ್ರಷ್ಷಿನ ಬಿಳಿ ಬಂದು ಕಪ್ಪಿನ ಅಂಚನ್ನು ಕಚ್ಚಿದೆ. ಅಲ್ಲಲ್ಲಿ ಎರಡೂ ಕಲೆತು ಬೂದಿ ಬಣ್ಣವಾಗಿದೆ. ಈ ಜಗ್ಗಾಟವನ್ನು ಯಾವ ಸರಕಾರವೂ ಹೇಳಿ ಬರೆಸಲು ಆಗುವುದಿಲ್ಲ.

ಸರಕಾರಕ್ಕೆ ಇಂಥದ್ದು ಬೇಕಾಗಿಯೂ ಇರಲಿಲ್ಲ, ಅಲ್ವಾ? ಅಮೆರಿಕದ ವಿದೇಶಾಂಗ ಇಲಾಖೆ ತಾನೇ ಕೊಂಡು ಹೊರದೇಶಕ್ಕೆ ಕಳಿಸಿದ್ದ ಆಧುನಿಕ ಚಿತ್ರಗಳನ್ನು 1947ರಲ್ಲಿ ಸಂಸದರ ಗಲಾಟೆಗೆ ಮಣಿದು ವಾಪಸ್ ಕರೆಸಿತು. ಆಮೇಲೆ ಅವು ಯುದ್ಧದಲ್ಲಿ ಮಿಕ್ಕ ಸಾಮಾನಿನ ಲೆಕ್ಕದಲ್ಲಿ ಮಾರಾಟವಾದವು.

ಆ 17 ಜನ ಯಾರು ನೋಡಿ. ರಾಥ್ಕೊ ಹುಟ್ಟಿದ್ದು ಇಂದಿನ ಲಾಟ್ವಿಯಾದಲ್ಲಿ. ಡಿ ಕೂನಿಂಗ್ 1926ರಲ್ಲಿ ನೆದರ್‌ಲೆಂಡ್ಸಿನಿಂದ ಹಡಗಿನಲ್ಲಿ ಕದ್ದು ಕೂತು ಬಂದವರು. ಆರ್ಶೈಲ್ ಗೋರ್ಕಿ ಆರ್ಮೇನಿಯನ್ನರ ನರಮೇಧದಿಂದ ಪಾರಾದವರು. ಅವರ ತಾಯಿ ಹಸಿವಿನಿಂದ ಸತ್ತರು. ಕಳಿಸಿದವರ ಲೆಕ್ಕಾಚಾರ ಏನೇ ಇರಲಿ, ಯುರೋಪಿನ ಗೋಡೆಗಳ ಮೇಲೆ ಇದ್ದದ್ದು ಇವರ ಕೈಕೆಲಸ.

ವಿರೋಧ: ಮ್ಯಾಡ್ರಿಡ್ ಮರೆಯಬೇಡಿ

ಚಿತ್ರಗಳ ಬಗ್ಗೆ ನನ್ನ ತಕರಾರಿಲ್ಲ. ಕ್ಲೈನ್ ನನಗೂ ಇಷ್ಟ. ಆದರೆ ಯಾರನ್ನು ಆರಿಸಿದರು, ಎಲ್ಲಿ ತೂಗುಹಾಕಿದರು ಎನ್ನುವುದೂ ಪ್ರದರ್ಶನದ ಭಾಗವೇ.

8 ನಗರಗಳಲ್ಲಿ ಮ್ಯಾಡ್ರಿಡ್ ಒಂದು. ಆಗ ಸ್ಪೇನನ್ನು ಆಳುತ್ತಿದ್ದವನು ಸರ್ವಾಧಿಕಾರಿ ಫ್ರಾಂಕೊ. 17 ಜನರಲ್ಲಿ ಒಬ್ಬರಾದ ರಾಬರ್ಟ್ ಮದರ್‌ವೆಲ್ ಸ್ಪೇನಿನ ಗಣರಾಜ್ಯಕ್ಕೆ ಚರಮಗೀತೆ ಎಂಬ ಚಿತ್ರಮಾಲೆಯನ್ನು ವರ್ಷಗಟ್ಟಲೆ ಬರೆದವರು. ಆ ಗಣರಾಜ್ಯವನ್ನು ಮುಗಿಸಿದವನೇ ಫ್ರಾಂಕೊ. ಕ್ಯಾಟಲಾಗಿನ ಮುನ್ನುಡಿಯಲ್ಲೇ ಸ್ವಾತಂತ್ರ್ಯದ ಮಾತಿರುವ ಪ್ರದರ್ಶನ ಅವನ ರಾಜಧಾನಿಗೆ ಹೋಯಿತು. 1953ರ ಒಪ್ಪಂದದಿಂದ ಅಮೆರಿಕಕ್ಕೆ ಅಲ್ಲಿ ಸೇನಾ ನೆಲೆಗಳು ಸಿಕ್ಕಿದ್ದವು. ಇದನ್ನು ಸುಮ್ನೆ ಕಾಕತಾಳೀಯ ಎಂದು ಬಿಡಲು ನನಗೆ ಮನಸ್ಸು ಬರುವುದಿಲ್ಲ.

ಯುರೋಪಿನ ಲೇಖಕರು, ಪತ್ರಿಕೆಗಳ ನಡುವೆ ಕೆಲಸ ಮಾಡುತ್ತಿದ್ದ ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ ಎಂಬ ಸಂಘಟನೆಯ ಹಿಂದೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಹಣ ಇತ್ತೆಂದು 1967ರ ಹೊತ್ತಿಗೆ ಬಯಲಾಯಿತು. ಈ ಪ್ರದರ್ಶನದ ದುಡ್ಡೂ ಅಲ್ಲಿಂದಲೇ ಬಂತು ಎನ್ನುತ್ತಿಲ್ಲ. ಆಗಿನ ಗಾಳಿ ಹೇಗಿತ್ತು ಎನ್ನುತ್ತಿದ್ದೇನೆ.

ಇನ್ನು ಆಯ್ಕೆ. 17ರಲ್ಲಿ ಹೆಂಗಸು ಒಬ್ಬರೇ, ಗ್ರೇಸ್ ಹಾರ್ಟಿಗನ್. ಅಮೂರ್ತ ಚಿತ್ರ ಬರೆಯುತ್ತಿದ್ದ ಇತರ ಹೆಂಗಸರಲ್ಲಿ ಲೀ ಕ್ರಾಸ್ನರ್ ಇಲ್ಲ, ಜೋನ್ ಮಿಚೆಲ್ ಇಲ್ಲ. ಅದೇ ನ್ಯೂಯಾರ್ಕಿನಲ್ಲಿ ಅಮೂರ್ತ ಚಿತ್ರ ಬರೆಯುತ್ತಿದ್ದ ಕಪ್ಪು ಕಲಾವಿದ ನಾರ್ಮನ್ ಲೂಯಿಸ್ ಕೂಡ ಇಲ್ಲ. ಇವರನ್ನೆಲ್ಲ ಮನೆಯಲ್ಲೇ ಬಿಟ್ಟು, ಹೊರಟ ಪೆಟ್ಟಿಗೆಗಳಿಗೆ ‘ಹೊಸ ಅಮೆರಿಕನ್ ಚಿತ್ರಕಲೆ’ ಎಂದು ಹೆಸರಿಟ್ಟರು.