ಬಣ್ಣ ಆಮೇಲೆ, ಮೊದಲು ಒಂದು ನೋಟ್‌ಬುಕ್ಕು

ಇಟಲಿಯ ರೆಜಿಯೊ ಎಮಿಲಿಯಾ ನಗರದ ಶಿಶುಶಾಲೆಗಳಂತೆ ಹುಬ್ಬಳ್ಳಿ-ಧಾರವಾಡದ ಅಂಗನವಾಡಿಗಳಿಗೂ ಹೊಸ ಆಟಿಕೆ, ಗೋಡೆಬಣ್ಣ ಬೇಕು ಅಂತ ನಾನು ಓದಿದ ಒಂದು ಲೇಖನ ಹೇಳುತ್ತದೆ. ಆದರೆ 1963ರಲ್ಲಿ ಅಲ್ಲಿನ ನಗರಸಭೆ ಶುರುಮಾಡಿದ ಆ ಶಾಲೆಗಳ ಜೀವಾಳ ಮಕ್ಕಳ ಮಾತು, ಕೆಲಸಗಳನ್ನು ದಾಖಲಿಸುವುದು. ಅದಕ್ಕೆ ದುಡ್ಡು ಬೇಕಿಲ್ಲ.

ನಮಗೆ ಇನ್ನೂ ಹತ್ತಿರದ್ದು ನ್ಯೂಜಿಲೆಂಡಿನ 'ಕಲಿಕೆಯ ಕಥೆ', ಅಂದರೆ ಮಗು ಕಲಿತದ್ದನ್ನು ಸಣ್ಣ ಕಥೆಯಂತೆ ಬರೆದಿಡುವ ಪದ್ಧತಿ. ಕ್ರಮ ಮೂರೇ: ಮಗು ಮಾಡಿದ್ದನ್ನು ಗಮನಿಸಿ, ಅದರಲ್ಲಿ ಕಲಿಕೆ ಏನೆಂದು ಗುರುತಿಸಿ, ಮುಂದೇನು ಕೊಡಬೇಕೆಂದು ನಿರ್ಧರಿಸಿ. ಮಣ್ಣೆತ್ತಿನ ಅಮಾವಾಸ್ಯೆಯ ವಾರ ಮಗು ಎತ್ತು ಮಾಡಿ, ಕಾಲು ಮುರಿದಾಗ ಕಡ್ಡಿ ಚುಚ್ಚಿ "ಈಗ ನಿಂದರ್ತೈತಿ" ಅಂದರೆ ಆ ಮಾತನ್ನೇ ಬರೆಯಬೇಕು. ಮರುದಿನ ಬೇರೆಬೇರೆ ದಪ್ಪದ ಕಡ್ಡಿ ಇಡಬೇಕು. ಬಹಳ ಕಡೆ ಕೆಡುವುದು ಇಲ್ಲೇ: "ಚೆನ್ನಾಗಿ ಆಡಿದ" ಅಂತ ಬರೆದರೆ ಮರುದಿನಕ್ಕೆ ಏನೂ ದಕ್ಕುವುದಿಲ್ಲ.

25 ಮಕ್ಕಳಿದ್ದರೆ ದಿನಕ್ಕೆ ಒಂದೇ ಮಗು, ಐದಾರು ಸಾಲು. ಸುಮಾರು ತಿಂಗಳಿಗೊಮ್ಮೆ ಪ್ರತಿ ಮಗುವಿನ ಸರದಿ. ಅದನ್ನು ತಾಯಿಗೆ ಓದಿ ಹೇಳಬೇಕು, ಮನೆಯಲ್ಲಿ ಹೇಗೆ ಆಡುತ್ತದೆಂದು ಕೇಳಿ ಕೆಳಗೆ ಸೇರಿಸಬೇಕು. ಪೋಷಣ್ ಆ್ಯಪ್, ತೂಕದ ದಾಖಲೆಗಳ ನಡುವೆ ಅಂಗನವಾಡಿ ಅಕ್ಕೋರಿಗೆ ಇನ್ನೊಂದು ರಿಜಿಸ್ಟರ್ ಹೊರಿಸಿದರೆ ಮಾತ್ರ ಇದು ಸತ್ತಂತೆಯೇ. ಒಂದು ಹಳೆಯದನ್ನು ಮೊದಲು ಇಳಿಸಿ.

ಆಟದ ಸಾಮಾನಿಗೆ ಬಂದರೆ, ಬರೀ ಎರೆಮಣ್ಣು ಒಣಗಿದಾಗ ಕುಗ್ಗಿ ಬಿರಿಯುತ್ತದೆ, ಸಣ್ಣ ಮರಳು ಬೆರೆಸಿ ನಾದಬೇಕು. ಜೋಳದ ದಂಟಿನ ಸಿಪ್ಪೆ ಬ್ಲೇಡಿನಂತೆ ಕೊಯ್ಯುತ್ತದೆ, ದೊಡ್ಡವರೇ ಸುಲಿದು ಬೆಂಡು ಮಾತ್ರ ಕೊಡಿ. ಹುಣಸೆಬೀಜವನ್ನು ಮೂರು ವರ್ಷದೊಳಗಿನವರ ಕೈಗೆ ಕೊಡಲೇಬೇಡಿ, ಗಂಟಲಿಗೋ ಮೂಗಿಗೋ ಹೋಗುತ್ತದೆ.